ಹೊರಗೆ ನಿಂತು ಬಟನ್ ಒತ್ತಬೇಡ ಪುಟ್ಟಿ

ಪುಟ್ಟಿ, ನಿನ್ನ ಮೆಸೇಜ್ ಈಗ ನೋಡಿದೆ. ಟೈಪ್ ಮಾಡುತ್ತಾ ಕೂತರೆ ಸಂಜೆಯಾಗುತ್ತದೆ, ಅದಕ್ಕೇ ಮಾತಾಡಿಯೇ ಕಳಿಸುತ್ತಿದ್ದೇನೆ. ಸ್ವಲ್ಪ ಉದ್ದ ಆಗಬಹುದು. ಉಳಿದವರೂ ಕೇಳಿ, ಅರ್ಧಕ್ಕೆ ನಿಲ್ಲಿಸಬೇಡಿ.

ಹೊಸ ಕಾರಿನ ಬಟನ್ ಒತ್ತಿದರೆ ರೇಡಿಯೋ ಬರುತ್ತದೆ, ಲೈಟ್ ಬರುತ್ತದೆ, ಇಂಜಿನ್ ಮಾತ್ರ ಸ್ಟಾರ್ಟ್ ಆಗುತ್ತಿಲ್ಲ, ಮಗುವನ್ನು ಹಿಂದೆ ಕೂರಿಸಿ ಹೊರಗೇ ನಿಂತು ಕೈ ಹಾಕಿ ಮೂರ್ನಾಲ್ಕು ಸಲ ಒತ್ತಿದೆ, ಕಾರು ಹಾಳಾಯ್ತಾ ದೊಡ್ಡಮ್ಮ ಅಂತ ಕೇಳಿದ್ದೀಯ. ಹಾಳಾಗಿದೆಯೋ ಇಲ್ಲವೋ ಆಮೇಲೆ ನೋಡೋಣ. ಹೊರಗೆ ನಿಂತು ಕೈ ಹಾಕಿದೆ ಅಂದೆಯಲ್ಲ, ಅದನ್ನು ಓದಿ ನನ್ನ ಎದೆ ಧಸಕ್ ಅಂತು.

ಮಧ್ಯದ ಚಿಕ್ಕಪ್ಪನ ಹಳೇ ಬಿಳಿ ಕಾರು ನಿಮಗೆಲ್ಲ ಗೊತ್ತೇ ಇದೆ. ಅದೇ, ಹಿಂದಿನ ಬಾಗಿಲು ಒಳಗಿನಿಂದ ತೆಗೆಯಲು ಬರುತ್ತಿರಲಿಲ್ಲವಲ್ಲ, ಅದು. ಅವರು ನಿಲ್ಲಿಸುತ್ತಿದ್ದ ಕಡೆ ಮುಂದೆ ಗೋಡೆ, ಹಿಂದೆ ಇಳಿಜಾರು. ಹಾಗಾಗಿ ಯಾವಾಗಲೂ ಫಸ್ಟ್ ಗೇರ್ ಹಾಕಿಯೇ ನಿಲ್ಲಿಸುತ್ತಿದ್ದರು. ಅದು ಸರಿಯೇ. ಹ್ಯಾಂಡ್‌ಬ್ರೇಕ್ ಮಾತ್ರ ಅರ್ಧಂಬರ್ಧ. ಅವತ್ತು ಕೀ ಕಾರಿನಲ್ಲೇ ಬಿಟ್ಟು ಮನೆಯೊಳಗೆ ಹೋಗಿದ್ದಾರೆ. ನಮ್ಮ ಸಣ್ಣವನಿಗೆ ಹಾಡು ಕೇಳಬೇಕು. ಕಿಟಕಿಯಿಂದ ಕೈ ತೂರಿಸಿ ಕೀ ತಿರುಗಿಸಿದ. ಹಳೇ ಕೀ ನೆನಪಿದೆ ಅಲ್ವಾ? ಮೊದಲು ಲಾಕ್, ಆಮೇಲೆ ಎಸಿಸಿ, ಆಮೇಲೆ ಆನ್, ಕೊನೆಗೆ ಸ್ಟಾರ್ಟ್. ಹಾಡಿಗೆ ಎಸಿಸಿ ಸಾಕು. ಇವನು ಕೊನೆವರೆಗೂ ತಿರುಗಿಸಿಬಿಟ್ಟ.

ನಾನು ಕಾರಿನ ಮುಂದೆಯೇ ಬಕೆಟ್ ಇಟ್ಟುಕೊಂಡು ಗೋಡೆ ಪಕ್ಕದ ಗಿಡಗಳಿಗೆ ನೀರು ಹಾಕುತ್ತಿದ್ದೆ. ನಲ್ಲಿ ನಿಲ್ಲಿಸಲು ಆಗಷ್ಟೇ ಪಕ್ಕಕ್ಕೆ ಸರಿದಿದ್ದೆ. ಕರ್ರ್ ಅಂತ ಸದ್ದಾಯಿತು, ಕಾರು ಮುಂದಕ್ಕೆ ನೆಗೆಯಿತು. ಬಕೆಟ್ ಗೋಡೆಗೂ ಬಂಪರಿಗೂ ಮಧ್ಯೆ ಸಿಕ್ಕಿ ಚೂರುಚೂರು. ಅದರ ತಂತಿ ಹಿಡಿ ಮಾತ್ರ ಸೊಟ್ಟಗಾಗಿ ನಂಬರ್ ಪ್ಲೇಟಿಗೆ ನೇತಾಡುತ್ತಿತ್ತು. ಹುಡುಗನ ಮೊಣಕೈ ಕಿಟಕಿ ಅಂಚಿಗೆ ತರಚಿ ರಕ್ತ. ಆ ಕಲೆ ಇವತ್ತಿಗೂ ಇದೆ, ಬೇಕಾದರೆ ಕೇಳಿ ನೋಡಿ.

ಇಂಜಿನ್ ಪೂರ್ತಿ ಸ್ಟಾರ್ಟ್ ಆದರೆ ಮಾತ್ರ ಕಾರು ಚಲಿಸುತ್ತದೆ ಅಂದುಕೊಳ್ಳಬೇಡಿ. ಗೇರಿನಲ್ಲಿದ್ದರೆ ಇಂಜಿನ್ನಿಗೂ ಚಕ್ರಕ್ಕೂ ನೇರ ನಂಟು. ಸ್ಟಾರ್ಟರ್ ಮೋಟರ್ ಇಂಜಿನ್ನನ್ನು ತಿರುಗಿಸಿದರೆ ಸಾಕು, ಬ್ಯಾಟರಿಯ ಬಲದಲ್ಲೇ ಚಕ್ರ ಉರುಳುತ್ತದೆ. ಕ್ಲಚ್ ಒತ್ತಿದಾಗ ಆ ನಂಟು ಬಿಡುತ್ತದೆ. ಕಿಟಕಿ ಹೊರಗೆ ನಿಂತವನ ಕಾಲು ಕ್ಲಚ್ಚಿಗೆ ಹೇಗೆ ಸಿಗಬೇಕು? ಅದಕ್ಕೇ ಹೇಳುವುದು, ಡ್ರೈವರ್ ಸೀಟಿನಲ್ಲಿ ಕೂತು, ಕಾಲು ಪೆಡಲ್ ಮೇಲಿಟ್ಟ ಮೇಲೆಯೇ ಕೀ ಮುಟ್ಟಿ.

ಈಗಿನ ಎಷ್ಟೋ ಕಾರುಗಳು ಕ್ಲಚ್ ಒತ್ತದೆ ಸ್ಟಾರ್ಟೇ ಆಗುವುದಿಲ್ಲ ಅಂತ ಅಣ್ಣ ಇದರ ಕೆಳಗೆ ಬರೆಯುತ್ತಾನೆ, ನನಗೆ ಗೊತ್ತು. ಬರೀಲಿ. ನಾಳೆ ಯಾರದೋ ಹಳೇ ಕಾರನ್ನು ಪಕ್ಕಕ್ಕೆ ಸರಿಸು ಅಂದರೆ ಕೈ ಅದೇ ಅಭ್ಯಾಸ ಮಾಡುತ್ತದೆ. ಇನ್ನೊಂದು ಸಲ ಹೇಳುತ್ತೇನೆ: ಎಸಿ ಹಾಕುವುದಿರಲಿ, ಹಾಡು ಹಾಕುವುದಿರಲಿ, ಹೊರಗೆ ನಿಂತು ಕೈ ಹಾಕಬೇಡಿ. ಒಳಗೆ ಕೂತುಕೊಳ್ಳಿ, ಕಾಲು ಪೆಡಲ್ ಮೇಲಿಡಿ, ಆಮೇಲೆ ಕೀ.

ಆದರೆ ನನ್ನ ಮಾತು ಯಾರು ಕೇಳುತ್ತಾರೆ? ಕಾರಿನ ವಿಷಯ ಬಂದರೆ ಈ ಮನೆಯಲ್ಲಿ ಎಲ್ಲರೂ ಗಂಡಸರ ಮುಖ ನೋಡುತ್ತಾರೆ. ನಿಮ್ಮ ದೊಡ್ಡಪ್ಪನಿಗಿಂತ ಮೊದಲು ಲೈಸೆನ್ಸ್ ತೆಗೆದುಕೊಂಡವಳು ನಾನು. ಪಕ್ಕದಲ್ಲಿ ಕೂತು ಬ್ರೇಕ್ ಬ್ರೇಕ್ ಅಂತ ಕೂಗುವವರು ಅವರು! ಇನ್ನು ಆ ಸಣ್ಣವನು, ಅಷ್ಟು ಆದಮೇಲೂ ಬುದ್ಧಿ ಬಂದಿಲ್ಲ. ನನ್ನ ಕಾರು ತೆಗೆದುಕೊಂಡು ಹೋಗುತ್ತಾನೆ, ಸೀಟು ಹಿಂದಕ್ಕೆ ತಳ್ಳಿ ಮಂಚದ ಹಾಗೆ ಮಲಗಿಸಿ, ಕನ್ನಡಿ ಎತ್ತಲೋ ತಿರುಗಿಸಿ ತಂದು ನಿಲ್ಲಿಸುತ್ತಾನೆ. ನಾನು ಕೂತರೆ ಕಾಲು ಪೆಡಲಿಗೇ ಎಟುಕುವುದಿಲ್ಲ. ಜೊತೆಗೆ ಕಾಲಡಿ ಖಾಲಿ ಬಾಟಲಿ. ಅದು ಉರುಳಿ ಬ್ರೇಕ್ ಪೆಡಲ್ ಅಡಿ ಸೇರಿಕೊಂಡರೆ ಬ್ರೇಕ್ ಹೇಗೆ ಒತ್ತುವುದು? ಕೇಳಿದರೆ, ಅಮ್ಮ ಸುಮ್ನೆ ಟೆನ್ಶನ್ ಮಾಡ್ಕೋತೀಯ ಅನ್ನುತ್ತಾನೆ. ಪ್ರತಿ ಸಲ ನಾನೇ ಎಲ್ಲ ಸರಿ ಮಾಡಿಕೊಳ್ಳಬೇಕು. ಬ್ರೇಕ್ ಪೂರ್ತಿ ಒತ್ತಿದಾಗಲೂ ಮಂಡಿ ಸ್ವಲ್ಪ ಬಾಗಿರಬೇಕು, ಅಷ್ಟು ಮುಂದಕ್ಕೆ ಸೀಟು. ಎದೆಗೂ ಸ್ಟೀರಿಂಗಿಗೂ ಕನಿಷ್ಠ 25 ಸೆಂಟಿಮೀಟರ್, ಏರ್‌ಬ್ಯಾಗ್ ಅಲ್ಲಿಂದಲೇ ಸಿಡಿದು ಬರುವುದು. ಆಮೇಲೆ ಕನ್ನಡಿ. ಇದೆಲ್ಲ ಗಾಡಿ ಹೊರಡುವ ಮೊದಲೇ ಆಗಬೇಕು. ಓಡಿಸುತ್ತಾ ಸೀಟು ಎಳೆದರೆ ಜರ್ರನೆ ಹಿಂದೆ ಹೋಗಿಬಿಡುತ್ತದೆ. ಯಾರಿಗೆ ಹೇಳಲಿ ಇದನ್ನು.

ಅಯ್ಯೋ ಪುಟ್ಟಿ, ನೀನು ಕೇಳಿದ್ದಕ್ಕೆ ಉತ್ತರವೇ ಕೊಡಲಿಲ್ಲ ನೋಡು. ನಿನ್ನದು ಆಟೋಮ್ಯಾಟಿಕ್ ಅಲ್ವಾ? ಅದರಲ್ಲಿ ಕ್ಲಚ್ ಪೆಡಲ್ ಇಲ್ಲ, ಬ್ರೇಕ್ ಒತ್ತಿಯೇ ಸ್ಟಾರ್ಟ್ ಮಾಡಬೇಕು. ಹಾಳಾದ ಹಾಗೆ ಕಾಣುವುದಿಲ್ಲ. ಬ್ರೇಕ್ ಒತ್ತದೆ ಬಟನ್ ಒತ್ತಿದರೆ ಹೆಚ್ಚಿನ ಕಾರುಗಳಲ್ಲಿ ಮೊದಲ ಸಲಕ್ಕೆ ರೇಡಿಯೋ ಬರುತ್ತದೆ, ಎರಡನೇ ಸಲಕ್ಕೆ ಡ್ಯಾಶ್‌ಬೋರ್ಡಿನ ಲೈಟೆಲ್ಲ ಹತ್ತುತ್ತದೆ, ಮೂರನೇ ಸಲಕ್ಕೆ ಎಲ್ಲ ಆಫ್. ನಿನಗೆ ಆದದ್ದೂ ಅದೇ ಇರಬೇಕು. ಒಳಗೆ ಕೂತು ಬೆಲ್ಟ್ ಹಾಕಿಕೋ. ಗೇರ್ ಪಿ, ಅಂದರೆ ಪಾರ್ಕಿಂಗಿನಲ್ಲಿ ಇದೆಯಾ, ಹ್ಯಾಂಡ್‌ಬ್ರೇಕ್ ಹಾಕಿದೆಯಾ ನೋಡು. ಬಲಗಾಲಿನಿಂದ ಬ್ರೇಕ್ ಗಟ್ಟಿಯಾಗಿ ಒತ್ತಿ ಹಿಡಿದು ಬಟನ್ ಒಂದೇ ಸಲ ಒತ್ತು. ಕೀ ಸಿಗುತ್ತಿಲ್ಲ ಅಂತ ಬರೆದು ತೋರಿಸಿದರೆ ಕೀಯ ಒಳಗಿನ ಪುಟ್ಟ ಸೆಲ್ ಸೋತಿರಬಹುದು. ಆಗ ಕೀಯನ್ನೇ ಬಟನ್ನಿಗೆ ತಾಗಿಸಿ ಹಿಡಿದರೆ ಬಹಳಷ್ಟು ಕಾರುಗಳಲ್ಲಿ ಕೆಲಸ ಆಗುತ್ತದೆ. ಸ್ಟಾರ್ಟ್ ಆದಮೇಲೂ ಎಣ್ಣೆ ಡಬ್ಬಿಯಂಥ ಕೆಂಪು ಲೈಟ್ ಆರದಿದ್ದರೆ ತಕ್ಷಣ ಆಫ್ ಮಾಡು.

ನಿಲ್ಲಿಸುವಾಗ ಪಿ ಹಾಕಿ, ಬಟನ್ ಒತ್ತಿ, ಇಂಜಿನ್ ನಿಂತಿತಾ ಅಂತ ಕಿವಿಗೊಟ್ಟು ಕೇಳಿ ಇಳಿ. ಕೀ ಚೀಲದಲ್ಲೇ ಇರುವುದರಿಂದ ಇಂಜಿನ್ ಓಡುತ್ತಿರುವಾಗಲೇ ಇಳಿದು ಹೋಗಿಬಿಡುತ್ತಾರೆ ಜನ. ಮುಚ್ಚಿದ ಶೆಡ್ಡಿನಲ್ಲಿ ಹಾಗಾದರೆ ಹೊಗೆಯಲ್ಲಿರುವ ಕಾರ್ಬನ್ ಮೊನಾಕ್ಸೈಡ್ ಜೀವ ತೆಗೆಯುತ್ತದೆ. ಅದಕ್ಕೆ ಬಣ್ಣವೂ ಇಲ್ಲ, ವಾಸನೆಯೂ ಇಲ್ಲ. ಮಗು ಹಿಂದೆ ಕೂತಿರುವಾಗ ಡ್ರೈವರ್ ಬಾಗಿಲಿನ ಕಿಟಕಿ ಲಾಕ್ ಬಟನ್ ಒತ್ತಿಡು, ಇಲ್ಲದಿದ್ದರೆ ಬೆರಳು ಸಿಕ್ಕಿಸಿಕೊಳ್ಳುತ್ತಾನೆ. ಹಿಂದಿನ ಬಾಗಿಲಿನ ಅಂಚಿನಲ್ಲಿ ಚೈಲ್ಡ್ ಲಾಕ್ ಇರುತ್ತದೆ, ಅದನ್ನೂ ಹಾಕು. ಅವನನ್ನೂ ಕೀಯನ್ನೂ ಒಳಗೆ ಬಿಟ್ಟು ಒಂದು ನಿಮಿಷಕ್ಕೂ ಎಲ್ಲೂ ಹೋಗಬೇಡ.

ಈಗಲೇ ಹೋಗಿ ಬ್ರೇಕ್ ಒತ್ತಿ ನೋಡು. ಸ್ಟಾರ್ಟ್ ಆಯ್ತೋ ಇಲ್ವೋ ಇಲ್ಲೇ ಬರೆ. ಸುಮ್ನೆ ಹೆಬ್ಬೆರಳಿನ ಚಿತ್ರ ಒತ್ತಿ ಬಿಟ್ಟರೆ ನನಗೆ ಏನೂ ಗೊತ್ತಾಗುವುದಿಲ್ಲ.