ಸಹಾಯ ಬೇಕು: ಸ್ಪಾಂಜಿಯೋಸಿಸ್ ಯಾವುದು, ಅಕ್ಯಾಂಥೊಲೈಸಿಸ್ ಯಾವುದು?

ಎಲ್ಲರಿಗೂ ನಮಸ್ಕಾರ. ಚರ್ಮದ ಪೆಥಾಲಜಿ ಓದುತ್ತಿದ್ದೇನೆ, ಮೂರು ದಿನದಿಂದ ಒಂದೇ ಕಡೆ ಸಿಕ್ಕಿಹಾಕಿಕೊಂಡಿದ್ದೇನೆ. ಎಪಿಡರ್ಮಿಸ್‌ನ (ಚರ್ಮದ ಹೊರಭಾಗದ) ಪದರಗಳು ಗೊತ್ತು. ಕಣ್ಣಿಗೆ ಕಾಣುವ ಗುರುತುಗಳೂ ಪರವಾಗಿಲ್ಲ: ಚಪ್ಪಟೆ ಕಲೆ ಮ್ಯಾಕ್ಯೂಲ್, ಗಟ್ಟಿಯಾಗಿ ಉಬ್ಬಿದ್ದು ಪ್ಯಾಪ್ಯೂಲ್, ನೀರು ತುಂಬಿದ್ದು ವೆಸಿಕಲ್, ಕೀವು ತುಂಬಿದ್ದು ಪಸ್ಟ್ಯೂಲ್.

ತಲೆ ಕೆಡುವುದು ಮೈಕ್ರೋಸ್ಕೋಪ್ ಪದಗಳಲ್ಲಿ. ಅಕ್ಯಾಂಥೋಸಿಸ್ ಅಂದರೆ ಎಪಿಡರ್ಮಿಸ್ ನಡುವಿನ ಸ್ಪೈನಸ್ ಪದರ ದಪ್ಪ ಆಗುವುದು, ಅಕ್ಯಾಂಥೊಲೈಸಿಸ್ ಅಂದರೆ ಜೀವಕೋಶಗಳ ನಡುವಿನ ಹಿಡಿತ ಬಿಟ್ಟುಹೋಗುವುದು, ಈ ಹೆಸರಿನ ಗೊಂದಲ ಚೀಟಿ ಬರೆದು ಗೋಡೆಗೆ ಅಂಟಿಸಿಕೊಂಡು ಹೇಗೋ ಬಗೆಹರಿಯಿತು. ಆದರೆ ಎಕ್ಸಿಮಾದ ಸ್ಪಾಂಜಿಯೋಸಿಸ್‌ನಲ್ಲಿ ಜೀವಕೋಶಗಳ ನಡುವೆ ನೀರು ಸೇರಿ ಡೆಸ್ಮೋಸೋಮ್‌ಗಳು (ಜೀವಕೋಶಗಳನ್ನು ಒಂದಕ್ಕೊಂದು ಹಿಡಿದಿಡುವ ಕೊಂಡಿಗಳು) ಎಳೆದುಕೊಳ್ಳುತ್ತವೆ, ಪೆಂಫಿಗಸ್ ಎಂಬ ಗುಳ್ಳೆ ರೋಗದ ಅಕ್ಯಾಂಥೊಲೈಸಿಸ್‌ನಲ್ಲಿ ಡೆಸ್ಮೋಸೋಮೇ ಕೈಕೊಡುತ್ತದೆ, ಅಲ್ವಾ? ಸ್ಪಾಂಜಿಯೋಸಿಸ್ ಜಾಸ್ತಿಯಾದರೆ ಅಲ್ಲೂ ಹಿಡಿತ ಹರಿದು ಗುಳ್ಳೆ ಆಗುತ್ತದೆ! ಚಿತ್ರಗಳನ್ನು ಪಕ್ಕಪಕ್ಕ ಇಟ್ಟು ನೋಡಿದೆ, ನನಗೆ ಎರಡೂ ಒಂದೇ ಥರ.

ಪ್ರಶ್ನೆ ಇಷ್ಟೇ: ಸ್ಲೈಡ್‌ನಲ್ಲಿ ಎಪಿಡರ್ಮಿಸ್ ಒಳಗೆ ಗುಳ್ಳೆ ಕಂಡರೆ, ಅದು ಇವೆರಡರಲ್ಲಿ ಯಾವುದರಿಂದ ಆಗಿದೆ ಎಂದು ಹೇಳಲು ಮೊದಲು ಏನು ನೋಡಬೇಕು? ದುಂಡಗಾದ ಜೀವಕೋಶಗಳು ಒಳಗೆ ತೇಲುತ್ತಿದ್ದರೆ ಅಷ್ಟು ಸಾಕೇ, ಗುಳ್ಳೆಯ ಅಕ್ಕಪಕ್ಕವನ್ನೂ ನೋಡಬೇಕೇ?