ಸಾಲ್ಮನ್, ಟ್ರೌಟ್ ಮೀನಿಗೆ ಟ್ರೋಲಿಂಗ್ ರಾಡು: ಯಾವುದನ್ನು ಕೊಳ್ಳುವುದು, ಎಲ್ಲಿ ಇಡುವುದು?

ಜಯಲಕ್ಷ್ಮೀಪುರಂನಿಂದ ಬಂದ ಪ್ರಶ್ನೆ

ನಾನು ನಿವೃತ್ತ ನೌಕರ. ಮಗಳು, ಅಳಿಯ ಅಮೆರಿಕದ ಮಿಶಿಗನ್ ರಾಜ್ಯದಲ್ಲಿ ನೆಲೆಸಿದ್ದಾರೆ. ಬೇಸಿಗೆಯ ಕೆಲವು ತಿಂಗಳು ನಾವು ದಂಪತಿಗಳು ಅವರೊಂದಿಗೆ ಇರುತ್ತೇವೆ. ಅಳಿಯಂದಿರು ಈಚೆಗೆ ಒಂದು ಸಣ್ಣ ಮೋಟಾರು ದೋಣಿಯನ್ನು ಕೊಂಡಿದ್ದು, ಮಿಶಿಗನ್ ಸರೋವರದಲ್ಲಿ ಸಾಲ್ಮನ್ ಮತ್ತು ಟ್ರೌಟ್ ಹಿಡಿಯಲು ಬೇಕಾದ ರಾಡುಗಳನ್ನು, ಅಂದರೆ ಗಾಳದ ಕೋಲುಗಳನ್ನು, ಆರಿಸುವ ಕೆಲಸವನ್ನು ನನಗೆ ಒಪ್ಪಿಸಿದ್ದಾರೆ. ಅಂಗಡಿಯಲ್ಲಿ ನೋಡಿದರೆ ಎಲ್ಲವೂ ಒಂದೇ ತರಹ ಕಾಣುತ್ತವೆ, ಬೆಲೆ ಮಾತ್ರ ಬೇರೆ ಬೇರೆ. ಯಾವ ಉದ್ದದ, ಯಾವ ಬಗೆಯ ರಾಡನ್ನು ಕೊಳ್ಳಬೇಕು? ಚಳಿಗಾಲದಲ್ಲಿ ದೋಣಿ ನಿಂತ ಮೇಲೆ ಅವುಗಳನ್ನು ಹೇಗೆ ಇಡಬೇಕು? ಒಂದೆರಡನ್ನು ಮೈಸೂರಿಗೆ ತಂದು ಮನೆಯಲ್ಲಿಟ್ಟುಕೊಳ್ಳುವುದು ಸರಿಯೇ? ಅನುಭವ ಇರುವವರು ದಯವಿಟ್ಟು ತಿಳಿಸಬೇಕು.

ಕುವೆಂಪುನಗರದಿಂದ

ನಮಸ್ಕಾರ ಸರ್. ಆ ಸರೋವರದ ದಂಡೆಯ ಊರೊಂದರಲ್ಲಿ ಬಹುಕಾಲ ಇದ್ದು ಬಂದವನು ನಾನು. ಅಂಗಡಿಯವರು ಮೊದಲು ಕೇಳುವುದು ಎಷ್ಟು ತೂಕದ ಮೀನಿಗೆ ಎಂದು. ನನ್ನ ಅಭಿಪ್ರಾಯದಲ್ಲಿ ಅದು ಎರಡನೆಯ ಪ್ರಶ್ನೆ. ಟ್ರೋಲಿಂಗ್‌ನಲ್ಲಿ, ಅಂದರೆ ಸಾಗುವ ದೋಣಿಯ ಹಿಂದೆ ಗಾಳವನ್ನು ಎಳೆದೊಯ್ಯುವ ಮೀನುಗಾರಿಕೆಯಲ್ಲಿ, ದೋಣಿ ಗಂಟೆಗೆ ಮೂರರಿಂದ ಐದು ಕಿಲೋಮೀಟರು ವೇಗದಲ್ಲಿ ಸಾಗುತ್ತಿರುತ್ತದೆ, ರಾಡು ಗಂಟೆಗಟ್ಟಲೆ ಹೋಲ್ಡರಿನಲ್ಲಿ ನಿಂತು ನೀರಿನ ಸೆಳೆತವನ್ನು ತಡೆಯುತ್ತಿರುತ್ತದೆ, ಮೀನಿನ ಎಳೆತ ಕೆಲವು ನಿಮಿಷಗಳದ್ದು ಮಾತ್ರ. ಹಾಗಾಗಿ ದಾರವನ್ನು ಆಳಕ್ಕೆ ಒಯ್ಯುವ ಸಾಧನ ಯಾವುದು ಎಂಬುದನ್ನು ಮೊದಲು ತೀರ್ಮಾನಿಸಿ, ಅದಕ್ಕೆ ಹೊಂದುವ ರಾಡನ್ನು ಕೊಳ್ಳಬೇಕು.

ಡೌನ್‌ರಿಗ್ಗರ್ ಇದ್ದರೆ, ಹತ್ತು–ಹನ್ನೆರಡು ಪೌಂಡಿನ ಸೀಸದ ಗುಂಡನ್ನು ತಂತಿಯಲ್ಲಿ ಇಳಿಬಿಟ್ಟು, ಗಾಳದ ದಾರವನ್ನು ಅದರ ಕ್ಲಿಪ್ಪಿಗೆ ಸಿಕ್ಕಿಸಿ, ರಾಡು ಬಿಲ್ಲಿನಂತೆ ಬಾಗುವವರೆಗೆ ದಾರವನ್ನು ಬಿಗಿಗೊಳಿಸುತ್ತೇವೆ. ಮೀನು ಕಚ್ಚಿದೊಡನೆ ದಾರ ಕ್ಲಿಪ್ಪಿನಿಂದ ಬಿಡಿಸಿಕೊಳ್ಳುತ್ತದೆ; ಆ ಕ್ಷಣದಲ್ಲಿ ಉಂಟಾಗುವ ಸಡಿಲವನ್ನೆಲ್ಲ ಎಳೆದುಕೊಳ್ಳುವುದು ಬಾಗಿದ ರಾಡು ನೆಟ್ಟಗಾಗುವ ಚಲನೆಯೇ. ಆದ್ದರಿಂದ ಇಲ್ಲಿಗೆ ಹಿಡಿಯ ಹತ್ತಿರದವರೆಗೂ ಬಾಗಬಲ್ಲ, ಮಧ್ಯಮ ಬಲದ, ಎಂಟೂವರೆಯಿಂದ ಒಂಬತ್ತೂವರೆ ಅಡಿ ಉದ್ದದ ಫೈಬರ್‌ಗ್ಲಾಸ್ ರಾಡು ಅಥವಾ ಗ್ಲಾಸಿನ ಜೊತೆ ಗ್ರಾಫೈಟ್ ಬೆರೆಸಿದ ರಾಡು ಬೇಕು. ತುದಿಯಷ್ಟೇ ಬಾಗುವ ಗಡಸು ಗ್ರಾಫೈಟ್ ರಾಡು ಕೈಗೆ ಹಗುರವಾಗಿ, ನೋಡಲು ಚೆಂದವಾಗಿ ಇರುತ್ತದೆ, ಬೆಲೆಯೂ ಹೆಚ್ಚು. ಈ ಕೆಲಸಕ್ಕೆ ಮಾತ್ರ ಅದು ಸಲ್ಲದು.

ಡೈವರ್ ಎಂಬ ತಟ್ಟೆಯಾಕಾರದ ಸಾಧನದ ಮಾತೇ ಬೇರೆ. ಅದು ನೀರಿನೊಳಗೆ ಕೆಳಕ್ಕೂ ಪಕ್ಕಕ್ಕೂ ಬಲವಾಗಿ ಎಳೆಯುವುದರಿಂದ ಮೃದುವಾದ ರಾಡು ಮೀನಿಲ್ಲದೆಯೇ ಪೂರ್ತಿ ಬಾಗಿಬಿಡುತ್ತದೆ. ಒಂಬತ್ತರಿಂದ ಹತ್ತೂವರೆ ಅಡಿ ಉದ್ದದ, ಒಂದು ಮಟ್ಟ ಹೆಚ್ಚು ಬಲದ ರಾಡನ್ನು ಆರಿಸಿ. ಉದ್ದ ಇದ್ದಷ್ಟೂ ಡೈವರಿನ ದಾರ ಡೌನ್‌ರಿಗ್ಗರಿನ ದಾರದಿಂದ ದೂರ ಉಳಿಯುತ್ತದೆ. ಡೈವರಿಗೆ ಸಾಮಾನ್ಯವಾಗಿ ಹಿಗ್ಗದ ಹೆಣೆದ ದಾರವನ್ನು ಬಳಸುವುದರಿಂದ, ಹೊಡೆತವನ್ನು ತಾಳಲು ಡೈವರಿಗೂ ಗಾಳಕ್ಕೂ ನಡುವೆ ಒಂದು ರಬ್ಬರ್ ತುಂಡನ್ನು ಸೇರಿಸುವುದುಂಟು. ಸೀಸದ ಎಳೆಯಿರುವ ಲೆಡ್‌ಕೋರ್ ದಾರವನ್ನು ಮೊದಲ ವರ್ಷದಲ್ಲಿ ಮುಟ್ಟದಿರುವುದೇ ಒಳ್ಳೆಯದು.

ಟ್ರೌಟ್ ಮೀನಿಗೆ ಬೇರೆ ರಾಡು ಬೇಕಾಗುವುದಿಲ್ಲ. ಆಳದಲ್ಲಿರುವ ಲೇಕ್ ಟ್ರೌಟ್ ಡೌನ್‌ರಿಗ್ಗರ್ ರಾಡಿಗೇ ಸಿಗುತ್ತದೆ. ವಸಂತದಲ್ಲಿ ದಂಡೆಯ ಹತ್ತಿರ ಬರುವ ಬ್ರೌನ್ ಟ್ರೌಟ್‌ಗೆ ಹಗುರ ರಾಡು ಇದ್ದರೆ ಹೆಚ್ಚು ಸಂತೋಷ, ಅಷ್ಟೆ. ಪ್ರಸಂಗವಶಾತ್ ಹೇಳುವುದಾದರೆ, ಲೇಕ್ ಟ್ರೌಟ್ ಆ ಸರೋವರದ ಮೂಲನಿವಾಸಿ. ಕೋಹೊ ಸಾಲ್ಮನ್ನನ್ನು 1966ರಲ್ಲಿ, ಚಿನೂಕ್ ಸಾಲ್ಮನ್ನನ್ನು 1967ರಲ್ಲಿ ರಾಜ್ಯ ಸರ್ಕಾರವೇ ಪೆಸಿಫಿಕ್ ಕರಾವಳಿಯ ತಳಿಯಿಂದ ತಂದು ಬಿಟ್ಟಿತು.

ಮಿಶಿಗನ್‌ನಲ್ಲಿ ಒಬ್ಬರು ಮೂರು ರಾಡುಗಳವರೆಗೆ ಬಳಸಬಹುದು. ಮಾವ, ಅಳಿಯ ಇಬ್ಬರಿಗೆ ಆರು ಎಂದಾಯಿತು. ಸಣ್ಣ ದೋಣಿಯಲ್ಲಿ ಆರು ದಾರಗಳನ್ನು ಬಿಟ್ಟರೆ ತಿರುವಿನಲ್ಲಿ ಎಲ್ಲವೂ ಸಿಕ್ಕಾಗುತ್ತವೆ. ಡೌನ್‌ರಿಗ್ಗರಿಗೆ ಎರಡು, ಡೈವರಿಗೆ ಎರಡು, ಒಟ್ಟು ನಾಲ್ಕು ಸಾಕು.

ಮಂಡ್ಯದಿಂದ

ಮೇಲಿನವರು ಹೇಳಿದ್ದನ್ನು ಒಪ್ಪುತ್ತೇನೆ. ಅಂಗಡಿಯಲ್ಲಿ ಪರೀಕ್ಷಿಸುವ ಬಗೆಯನ್ನು ಮಾತ್ರ ಸೇರಿಸುತ್ತೇನೆ. ರಾಡಿನ ಎರಡು ಭಾಗಗಳನ್ನು ಜೋಡಿಸಿ, ಹಿಡಿಯ ಕಡೆಯಿಂದ ಒಂದು ಕಣ್ಣು ಮುಚ್ಚಿ ನೋಡಿ: ದಾರ ಹಾಯುವ ಬಳೆಗಳೆಲ್ಲ ಒಂದೇ ಸಾಲಿನಲ್ಲಿರಬೇಕು. ಆಮೇಲೆ ದಾರ ಪೋಣಿಸಿದ ರಾಡನ್ನು ಒಬ್ಬರು ಹಿಡಿದು, ಇನ್ನೊಬ್ಬರು ದಾರವನ್ನು ಮೆಲ್ಲಗೆ ಎಳೆಯಬೇಕು. ಬಾಗಿದಾಗ ದಾರ ರಾಡಿನ ಮೈಯನ್ನು ಉಜ್ಜಿದರೆ ಬಳೆಗಳ ಸಂಖ್ಯೆ ಸಾಲದು ಎಂದು ತಿಳಿಯಿರಿ. ಪ್ರತಿ ಬಳೆಯೊಳಗೆ ಹತ್ತಿಯ ಚೂರನ್ನು ತಿರುಗಿಸಿ. ಕಣ್ಣಿಗೆ ಕಾಣದ ಬಿರುಕು ಹತ್ತಿಯ ಎಳೆಯನ್ನು ಹಿಡಿದುಕೊಳ್ಳುತ್ತದೆ. ಅಂಥ ಬಿರುಕಿನ ಮೇಲೆ ದಾರ ಓಡಿದರೆ, ಮೀನು ಹತ್ತಿರ ಬಂದ ಹೊತ್ತಿಗೇ ಕತ್ತರಿಸಿಹೋಗುತ್ತದೆ.

ಲೋಹದ ತಂತಿಯನ್ನೇ ದಾರವಾಗಿ ಬಳಸುವ ವಿಚಾರವಿದ್ದರೆ ಸಾಮಾನ್ಯ ಬಳೆ ನಿಲ್ಲುವುದಿಲ್ಲ, ತಂತಿ ಅದರಲ್ಲಿ ಗೀರು ಕೊರೆಯುತ್ತದೆ. ತುದಿಯಲ್ಲಿ ಉರುಳೆ ಅಥವಾ ಸ್ಪ್ರಿಂಗ್ ಇರುವ ರಾಡನ್ನೇ ಕೇಳಿ ಪಡೆಯಬೇಕು.

ದೋಣಿಯ ಹೋಲ್ಡರಿನ ಕೊಳವೆ ಎಷ್ಟು ಆಳವಿದೆ ಎಂಬುದನ್ನು ಅಳೆದುಕೊಂಡೇ ಅಂಗಡಿಗೆ ಹೋಗಿ. ದಾರ ಸುತ್ತುವ ರೀಲಿನ ಹಿಂದಿನ ಹಿಡಿ ಗಿಡ್ಡವಾಗಿದ್ದರೆ ರಾಡು ಭದ್ರವಾಗಿ ಕೂರುವುದಿಲ್ಲ. ಅತಿ ಉದ್ದವಾಗಿದ್ದರೆ ಮೀನು ಎಳೆಯುತ್ತಿರುವಾಗ ಹೊರಗೆಳೆಯಲು ತಿಣುಕಬೇಕಾಗುತ್ತದೆ. ಹಣ ಉಳಿಸುವುದಾದರೆ ರಾಡಿನಲ್ಲಿ ಉಳಿಸಿ, ರೀಲಿನಲ್ಲಿ ಬೇಡ. ದಾರದ ಉದ್ದವನ್ನು ತೋರಿಸುವ ರೀಲನ್ನೇ ಕೊಳ್ಳಿ. ಸುರುಳಿ ತುಂಬಾ ದಾರವಿದ್ದರೆ ಮಾತ್ರ ಅದರ ಲೆಕ್ಕ ಸರಿಯಾಗಿರುತ್ತದೆ ಎಂಬುದು ನೆನಪಿರಲಿ.

ಸರಸ್ವತೀಪುರಂನಿಂದ

ಇಡುವ ವಿಷಯದಲ್ಲಿ ನಾಲ್ಕು ಮಾತು ಹೇಳಬೇಕಾಗಿದೆ, ಏಕೆಂದರೆ ನಾನು ಕಂಡಂತೆ ಮೀನಿನ ಎಳೆತಕ್ಕಿಂತ ಕಾರಿನ ಬಾಗಿಲಿಗೂ ಸೀಲಿಂಗ್ ಫ್ಯಾನಿಗೂ ಸಿಕ್ಕು ಮುರಿದ ರಾಡುಗಳೇ ಹೆಚ್ಚು. ಮನೆಯೊಳಗೆ ತರುವ ಮೊದಲೇ ಎರಡು ಭಾಗಗಳನ್ನು ಬಿಡಿಸುವುದನ್ನು ಅಭ್ಯಾಸ ಮಾಡಿಕೊಳ್ಳಿ. ದೋಣಿಯನ್ನು ಟ್ರೇಲರಿನಲ್ಲಿ ಎಳೆದೊಯ್ಯುವಾಗ ರಾಡುಗಳನ್ನು ಹೋಲ್ಡರಿನಲ್ಲಿ ನಿಲ್ಲಿಸಿಕೊಂಡು ಹೋಗಬಾರದು. ಒಂದಕ್ಕೊಂದು ಬಡಿದು ಬಳೆಗಳು ಬಿರಿಯುತ್ತವೆ, ಮರದ ಕೊಂಬೆಗೂ ತಗುಲುತ್ತವೆ. ಒಂದೊಂದಕ್ಕೂ ಬಟ್ಟೆಯ ಚೀಲ ತೊಡಿಸಿ ಮಲಗಿಸಿ.

ಗರಾಜಿನಲ್ಲಿ ಇಡುವುದಾದರೆ ನೆಟ್ಟಗೆ ನಿಲ್ಲಿಸಿ, ಇಲ್ಲವೇ ಗೋಡೆಯ ಮೇಲೆ ಮೂರು ಕಡೆ ಆಸರೆ ಕೊಟ್ಟು ಅಡ್ಡಲಾಗಿ ಮಲಗಿಸಿ. ಮೂಲೆಗೆ ಓರೆಯಾಗಿ ಒರಗಿಸಿಟ್ಟರೆ ಅಥವಾ ತುದಿಯನ್ನು ಮೊಳೆಗೆ ನೇತುಹಾಕಿದರೆ, ತಿಂಗಳುಗಟ್ಟಲೆ ಅದೇ ಭಾರದಲ್ಲಿದ್ದು ರಾಡು ಕಾಯಂ ಸೊಟ್ಟಗಾಗಬಹುದು. ಅಲ್ಲಿನ ಚಳಿ ರಾಡಿಗೆ ತೊಂದರೆ ಕೊಡುವುದಿಲ್ಲ, ತೇವ ಕೊಡುತ್ತದೆ. ಒದ್ದೆ ರಾಡನ್ನು ಚೀಲಕ್ಕೆ ಹಾಕಿ ಕೊಳವೆಯೊಳಗೆ ಮುಚ್ಚಿಟ್ಟರೆ ಮೈಮೇಲಿನ ವಾರ್ನಿಷ್ ಮಬ್ಬಾಗಿ ಗುಳ್ಳೆ ಏಳುತ್ತದೆ, ಬಳೆಯ ಕಾಲುಗಳು ತುಕ್ಕು ಹಿಡಿಯುತ್ತವೆ, ಕಾರ್ಕಿನ ಹಿಡಿ ಬೂಷ್ಟು ಹಿಡಿಯುತ್ತದೆ. ಒರೆಸಿ, ಒಂದೆರಡು ದಿನ ನೆರಳಿನಲ್ಲಿ ಆರಿಸಿ, ಆಮೇಲೆ ಚೀಲಕ್ಕೆ ಹಾಕಿ. ಬೇಸಿಗೆಯಲ್ಲಿ ಮುಚ್ಚಿದ ಕಾರಿನೊಳಗಿನ ಕಾವಿಗೂ ಬಿಡಬೇಡಿ. ಸೊಳ್ಳೆಗೆ ಹಚ್ಚಿಕೊಳ್ಳುವ ಡೀಟ್ ಇರುವ ಮುಲಾಮು ಪ್ಲಾಸ್ಟಿಕ್ಕನ್ನೂ ಹೊಳಪಿನ ಲೇಪವನ್ನೂ ಕರಗಿಸುತ್ತದೆ. ಕೈ ತೊಳೆದುಕೊಂಡು ರಾಡು ಮುಟ್ಟಿ ಎಂದು ಮನೆಯವರಿಗೆಲ್ಲ ಹೇಳಿಡಿ.

ಮೈಸೂರಿಗೆ ತರುವ ಯೋಚನೆಯನ್ನು ಕೈಬಿಡಿ ಎಂಬುದು ನನ್ನ ಸಲಹೆ. ಇಲ್ಲಿನ ಮಳೆಗಾಲದ ತೇವ, ಅಟ್ಟದ ಮೇಲಿನ ಬಿಸಿ, ಕಾರ್ಕು ಕಡಿಯುವ ಇಲಿ, ಇವೆಲ್ಲವನ್ನೂ ಕಾಯುವ ಬದಲು ಅಳಿಯಂದಿರ ಗರಾಜಿನ ಗೋಡೆಯೇ ವಾಸಿ.

ಶ್ರೀರಂಗಪಟ್ಟಣದಿಂದ

ತರಬೇಡಿ ಎಂದು ಅಷ್ಟು ಖಂಡಿತವಾಗಿ ಹೇಳಲಾರೆ; ನೆನಪಿಗೆಂದು ಒಂದನ್ನು ತರುವ ಆಸೆ ಸಹಜವೇ. ಎಂಟೂವರೆ ಅಡಿಯ ಸಮಭಾಗದ ರಾಡನ್ನು ಬಿಡಿಸಿದರೆ ಸುಮಾರು 130 ಸೆಂಟಿಮೀಟರು ಆಗುತ್ತದೆ. ಉದ್ದ, ಅಗಲ, ಎತ್ತರ ಸೇರಿ 158 ಸೆಂಟಿಮೀಟರು ಎಂಬುದು ಹಲವು ವಿಮಾನ ಸಂಸ್ಥೆಗಳ ಮಿತಿಯಾದ್ದರಿಂದ, ಸಪೂರವಾದ ಪಿ.ವಿ.ಸಿ. ಕೊಳವೆಯಲ್ಲಿ ತರಲು ಸಾಧ್ಯ. ಹತ್ತು ಅಡಿಯ ಡೈವರ್ ರಾಡು ಆ ಮಿತಿಗೆ ಕೂರುವುದಿಲ್ಲ.

ಆದರೆ ಇಲ್ಲಿ ಬಳಸಬಹುದು ಎಂದುಕೊಂಡು ತರಬೇಡಿ. 1946ರಲ್ಲಿ ಮೈಸೂರಿನ ವ್ಯಾನ್ ಇಂಗೆನ್ ಮನೆತನದವರೊಬ್ಬರು ಕಬಿನಿಯಲ್ಲಿ 120 ಪೌಂಡಿನ ಮಹಶೀರ್ ಹಿಡಿದದ್ದನ್ನು ನಮ್ಮ ಕಡೆಯ ಗಾಳದವರು ಇಂದಿಗೂ ಹೇಳುತ್ತಾರೆ. ಹರಿಯುವ ನೀರಿನ ಆ ಮೀನುಗಾರಿಕೆ ದಂಡೆಯಿಂದಲೋ ಹರಿಗೋಲಿನಿಂದಲೋ ಗಾಳ ಎಸೆಯುವ ಬಗೆಯದು, ಅದಕ್ಕೆ ಬೇಕಾದದ್ದು ಎಸೆಯಬಲ್ಲ ರಾಡು. ಕಾವೇರಿಯ ಆ ಡುಬ್ಬದ ಮಹಶೀರ್ ಈಗ ಅಳಿವಿನ ಅಂಚಿನಲ್ಲಿದೆ ಎಂಬುದನ್ನೂ ಮರೆಯುವಂತಿಲ್ಲ.

ಜಯಲಕ್ಷ್ಮೀಪುರಂನಿಂದ ಮರುಪ್ರಶ್ನೆ

ಎಲ್ಲರಿಗೂ ಕೃತಜ್ಞತೆಗಳು. ನಾಲ್ಕು ರಾಡುಗಳನ್ನು ಕೊಂಡು ಅಲ್ಲಿಯೇ ಬಿಟ್ಟುಬರುವುದೆಂದು ತೀರ್ಮಾನಿಸಿದ್ದೇನೆ. ರೀಲುಗಳನ್ನು ರಾಡಿನಲ್ಲೇ ಬಿಡಬಹುದೇ?

ಮಂಡ್ಯದಿಂದ

ಬಿಡಬೇಡಿ. ಬಿಚ್ಚಿ, ಒರೆಸಿ, ದಾರದ ಓಟವನ್ನು ಬಿಗಿಹಿಡಿಯುವ ‘ಡ್ರ್ಯಾಗ್’ ಎಂಬ ಭಾಗವನ್ನು ಪೂರ್ತಿ ಸಡಿಲಿಸಿ ಮನೆಯೊಳಗಿನ ಕಪಾಟಿನಲ್ಲಿಡಿ. ಬಿಗಿದಿಟ್ಟರೆ ಒಳಗಿನ ಬಿಲ್ಲೆಗಳು ಒತ್ತಿಕೊಂಡು, ಮುಂದಿನ ವರ್ಷ ದಾರ ಜಗ್ಗಿ ಜಗ್ಗಿ ಬಿಡುತ್ತದೆ. ನೈಲಾನ್ ದಾರವನ್ನು ವಸಂತದಲ್ಲಿ ಬದಲಿಸಿ. ಹೆಣೆದ ದಾರವನ್ನು ಬದಲಿಸಬೇಕಾಗಿಲ್ಲ, ಒಳಗಿದ್ದ ತುದಿ ಹೊರಗೆ ಬರುವಂತೆ ತಿರುವಿ ಸುತ್ತಿದರೆ ಇನ್ನೂ ಕೆಲವು ವರ್ಷ ಬರುತ್ತದೆ.