ಹೋಟೆಲ್ ಬೋರ್ಡಿಗೆ ಹಳೇ ಕಾಲದ ದಪ್ಪ ಅಕ್ಷರ ಹಾಕಿಸಬಹುದಾ?

ಪ್ರಶ್ನೆ: ನಮಸ್ತೆ ಮೇಡಂ. ಕ್ಯಾತ್ಸಂದ್ರದಲ್ಲಿ ತಟ್ಟೆ ಇಡ್ಲಿ ಹೋಟೆಲ್ ಶುರು ಮಾಡುತ್ತಿದ್ದೇವೆ. ಹಿಂದೆ ಪೇಂಟರ್‌ಗಳು ಬರೆಯುತ್ತಿದ್ದ ಥರ ಗುಂಡಗೆ, ದಪ್ಪಗೆ ಇರುವ ಅಕ್ಷರ ಬೇಕು. ಮಗಳು ‘ಬಾಲೂ ತಮ್ಮ 2’ ಅನ್ನುವ ಫಾಂಟ್ ಇಳಿಸಿಕೊಂಡಿದ್ದಾಳೆ. ಫ್ಲೆಕ್ಸ್ ಅಂಗಡಿಯಲ್ಲಿ ಹಾಕಿದರೆ ಒತ್ತಕ್ಷರ ಪಕ್ಕಕ್ಕೆ ಹೋಗಿ ಕೂರುತ್ತಿದೆ. ಇದಕ್ಕೆ ದುಡ್ಡು ಕಟ್ಟಬೇಕಾ? ಮೆನುಗೂ ಅದನ್ನೇ ಹಾಕಬಹುದಾ?

ಉತ್ತರ: ನಮಸ್ತೆ ಸರ್. ದುಡ್ಡು ಬೇಡ. ಅದು ಎಕ್ ಟೈಪ್ ಅನ್ನುವ ಫಾಂಟ್ ಸಂಸ್ಥೆಯವರು ಮಾಡಿದ ಮುಕ್ತ ಪರವಾನಗಿಯ ಫಾಂಟ್, ವ್ಯಾಪಾರಕ್ಕೂ ಬಳಸಬಹುದು.

ಒತ್ತಕ್ಷರ ಪಕ್ಕಕ್ಕೆ ಹೋಗುವುದು ಫಾಂಟ್‌ನ ತಪ್ಪಲ್ಲ. ಅಂಗಡಿಯ ಸಾಫ್ಟ್‌ವೇರ್ ಹಳೆಯದಿರಬೇಕು, ಅದಕ್ಕೆ ಯೂನಿಕೋಡ್ (ಈಗ ಮೊಬೈಲ್‌ನಲ್ಲೂ ಬಳಸುವ ಅಕ್ಷರ ಸಂಕೇತ) ಕನ್ನಡ ಜೋಡಿಸಲು ಬರುವುದಿಲ್ಲ. ಯೂನಿಕೋಡ್ ಅಲ್ಲದ ಹಳೇ ‘ನುಡಿ’ ಸಾಫ್ಟ್‌ವೇರ್‌ನಲ್ಲಿ ಟೈಪ್ ಮಾಡಿದ್ದನ್ನು ಈ ಫಾಂಟ್‌ಗೆ ಬದಲಿಸಿದರೂ ಇಂಗ್ಲಿಷ್ ಅಕ್ಷರ, ಚಿಹ್ನೆಗಳೇ ಬರುತ್ತವೆ. ಇಂಕ್‌ಸ್ಕೇಪ್ ಅನ್ನುವ ಡಿಸೈನ್ ಸಾಫ್ಟ್‌ವೇರ್ ಪುಕ್ಕಟೆ ಸಿಗುತ್ತದೆ. ಮಗಳಿಗೆ ಅದರಲ್ಲಿ ಯೂನಿಕೋಡ್‌ನಲ್ಲೇ ಟೈಪ್ ಮಾಡಿ, ಕರ್ವ್ಸ್‌ಗೆ (ಅಂದರೆ ಅಕ್ಷರವನ್ನು ಚಿತ್ರದ ಗೆರೆಗಳಾಗಿ; ಇಂಕ್‌ಸ್ಕೇಪ್‌ನಲ್ಲಿ ‘ಪಾತ್’ ಅನ್ನುತ್ತಾರೆ) ಬದಲಿಸಿ, ಪಿಡಿಎಫ್ ಕೊಡಲು ಹೇಳಿ. ಆಮೇಲೆ ಯಾರ ಕಂಪ್ಯೂಟರ್‌ನಲ್ಲಿ ತೆಗೆದರೂ ಅಕ್ಷರ ಕದಲುವುದಿಲ್ಲ.

ಈಗ ‘ತಟ್ಟೆ ಇಡ್ಲಿ’ ಅಂತ ಬರೆದು ನೋಡಿ. ಟ್ಟ, ಡ್ಲ ಎರಡರದ್ದೂ ಒತ್ತು ಕೆಳಗೆ ಇಳಿಯುತ್ತದೆ. ಮೂರು ಅಡಿ ಎತ್ತರದ ಬೋರ್ಡಿನಲ್ಲಿ ಅಂಚು ಬಿಟ್ಟು, ಒತ್ತಿಗೂ ಜಾಗ ಕೊಟ್ಟರೆ ಮೇಲಿನ ಅಕ್ಷರಕ್ಕೆ 15 ಇಂಚು ಉಳಿದರೆ ಹೆಚ್ಚು. ಬೋರ್ಡ್ ಬರೆಯುವವರ ಲೆಕ್ಕ, ಒಂದು ಇಂಚಿಗೆ ಹತ್ತು ಅಡಿ. ಅಂದರೆ 150 ಅಡಿಯಿಂದ ಆರಾಮಾಗಿ ಓದಬಹುದು. ಹೈವೇಯಲ್ಲಿ 80ರಲ್ಲಿ ಬರುವ ಕಾರಿಗೆ ಅದು ಎರಡೇ ಸೆಕೆಂಡ್! ಹಾಗಾಗಿ ‘ತಟ್ಟೆ ಇಡ್ಲಿ’ ಅಷ್ಟೇ ದೊಡ್ಡದಾಗಿರಲಿ. ‘ಶುಚಿ, ರುಚಿ’ ಎಲ್ಲ ಸಣ್ಣದಾಗಿ ಸಾಕು.

ಈ ಫಾಂಟ್‌ನಲ್ಲಿ ಐದು ದಪ್ಪಗಳಿವೆ. ಎಲ್ಲರೂ ಸೀದಾ ಅತಿ ದಪ್ಪದ್ದಕ್ಕೇ ಕೈ ಹಾಕುತ್ತಾರೆ. ದೂರದಿಂದ ಒಳಗಿನ ಸಂದುಗಳು ಮುಚ್ಚಿಕೊಂಡು ಪ, ಷ ಎರಡೂ ಒಂದೇ ಥರ ಕಾಣುತ್ತವೆ. ಒಂದು ಮೆಟ್ಟಿಲು ಕೆಳಗಿನದು ತಗೊಳ್ಳಿ. ಪೇಂಟರ್‌ಗಳ ಕಳೆ ಬೇಕಿದ್ದರೆ ಒಂದೇ ಬಣ್ಣದ ಗಟ್ಟಿ ನೆರಳು ಕೊಡಿಸಿ. ಫ್ಲೆಕ್ಸ್‌ನವರು ಜಾಗ ತುಂಬಲಿ ಅಂತ ಅಕ್ಷರವನ್ನು ಅಡ್ಡಕ್ಕೆ ಎಳೆಯುತ್ತಾರೆ. ಅದಕ್ಕೆ ಮಾತ್ರ ಸುತರಾಂ ಒಪ್ಪಬೇಡಿ.

ಮೆನುಗೆ ಬೇಡ. ಮೇಲಿನ ಹೆಸರಿಗೆ ಹಾಕಿ. ತಿಂಡಿ, ಬೆಲೆಗೆ ನೋಟೋ ಸಾನ್ಸ್ ಕನ್ನಡದಂಥ ಸಾದಾ ಫಾಂಟ್ ಸಾಕು. ಇಂಗ್ಲಿಷ್ ಹೆಸರೂ ಹಾಕುವುದಾದರೆ ಬೋರ್ಡಿನ ಶೇ 60 ಭಾಗ ಕನ್ನಡ ಇರಬೇಕು ಅನ್ನುವ ನಿಯಮ ನೆನಪಿರಲಿ.

ಇನ್ನೊಬ್ಬರ ಪ್ರಶ್ನೆ: ಅಕ್ಕ, ನಮ್ಮದು ಮಧುಗಿರಿ. ತಂಗಿ ಮದುವೆ ಪತ್ರಿಕೆಗೆ ಈ ಫಾಂಟ್ ನಡೆಯುತ್ತಾ?

ಉತ್ತರ: ಹುಡುಗ ಹುಡುಗಿ ಹೆಸರಿಗೆ ಚೆನ್ನಾಗಿರುತ್ತದೆ. ‘ಸುಖಾಗಮನ ಬಯಸುವವರು’ ಪಟ್ಟಿಗೆ ಹಾಕಬೇಡಿ. ಆ ಸೈಜಿನಲ್ಲಿ ಚಿಕ್ಕಪ್ಪಂದಿರ ಹೆಸರು ಮಸಿ ಚೆಲ್ಲಿದ ಹಾಗೆ ಕಾಣುತ್ತದೆ, ಆಮೇಲೆ ಮಾತು ಕೇಳುವುದು ನೀವೇ ಅಲ್ವಾ! ಬರೀ ಅರಿಶಿನಶಾಸ್ತ್ರದ ವಾಟ್ಸಾಪ್ ಕಾರ್ಡ್ ಆದರೆ ಪೂರ್ತಿ ಅದರಲ್ಲೇ ಮಾಡಿ, ನಾಲ್ಕು ಸಾಲು ತಾನೇ. ಸಾಲುಗಳ ನಡುವೆ ಮಾತ್ರ ಜಾಗ ಜಾಸ್ತಿ ಬಿಡಿ, ಇಲ್ಲದಿದ್ದರೆ ಮೇಲಿನ ಸಾಲಿನ ಒತ್ತು ಕೆಳಗಿನ ಗುಡಿಸಿಗೆ ತಾಗುತ್ತದೆ.